ಕಲ್ಲು, ಮಣ್ಣು, ಮನುಷ್ಯ: ಕನ್ನಡ ಚಿತ್ರನಟರ ಸ್ಮಾರಕಗಳ ಒಂದು ಅಧ್ಯಯನ

1. ಪೀಠಿಕೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ ಕನ್ನಡಿಗರಿಗೆ ಹೊಸದಲ್ಲ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಒಡೆಯ ಮೆಚ್ಚಿ, ಬೇಕಾದದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು ಸೆಣಸಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಇತಿಹಾಸಕಾರರು ಈ ಶಾಸನವನ್ನು ರಾಷ್ಟ್ರಕೂಟ, ಗಂಗ, ಚೋಳರ ಯುದ್ಧವಾರ್ತೆಗಾಗಿ ಓದುತ್ತಾರೆ. ಈ ಲೇಖನಕ್ಕೆ ಮುಖ್ಯವಾದದ್ದು ಅದರಲ್ಲಿರುವ ಒಂದು ಏರ್ಪಾಡು. ಕಲ್ಲು ನೆಟ್ಟವರು ಅಲ್ಲಿಗೇ ಸುಮ್ಮನಾಗಲಿಲ್ಲ. ಕಲ್ಲಿನ ಹೆಸರಿಗೆ ಎರಡು ಖಂಡುಗದಷ್ಟು ಮಣ್ಣು ಬಿಟ್ಟರು. ಆ ಮಣ್ಣನ್ನು ಅನುಭವಿಸುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದೂ ಬರೆಸಿದರು.

ಇದರಲ್ಲಿ ಸ್ಮರಣೆಯ ಮೂರು ಅಂಗಗಳು ಸ್ಪಷ್ಟವಾಗಿವೆ: ಒಂದು ಗುರುತು, ಅದು ನಿಲ್ಲುವುದಕ್ಕೆ ಹಕ್ಕಿನ ನೆಲ, ಅದನ್ನು ಮರೆಯದಂತೆ ಕಟ್ಟುಪಾಡಿಗೆ ಒಳಗಾದ ಒಬ್ಬ ಮನುಷ್ಯ. ಎಸ್. ಶೆಟ್ಟರ್, ಆರ್. ಶೇಷಶಾಸ್ತ್ರಿ ಮೊದಲಾದ ವಿದ್ವಾಂಸರು ಸ್ಮಾರಕಶಿಲೆಗಳನ್ನು ವಿಸ್ತಾರವಾಗಿ ಅಭ್ಯಾಸ ಮಾಡಿದ್ದಾರೆ. ಈ ಲೇಖನ ಆ ಹಳೆಯ ಏರ್ಪಾಡನ್ನು ಅಳತೆಗೋಲಾಗಿ ಹಿಡಿದು ನಮ್ಮ ಕಾಲದ ಸಾವುಗಳನ್ನು, ಅಂದರೆ ತೀರಿಹೋದ ಕನ್ನಡ ಚಿತ್ರನಟ-ನಟಿಯರನ್ನು ನೆನೆಯುವ ಬಗೆಗಳನ್ನು, ಪರಿಶೀಲಿಸುತ್ತದೆ. ಮೂರರಲ್ಲಿ ಸರ್ಕಾರ ಕೊಡಬಲ್ಲದ್ದು ಮೊದಲಿನ ಎರಡನ್ನು ಮಾತ್ರ. ನೆನಪಿನ ಆಯಸ್ಸನ್ನು ನಿರ್ಧರಿಸುವುದು ಮೂರನೆಯದು ಎಂಬುದು ಇಲ್ಲಿನ ವಾದ.

2. ಸ್ಟುಡಿಯೊ ಎಂಬ ನೆಲ

ದಕ್ಷಿಣದ ತಾರೆಯರ ಬಗೆಗಿನ ಚರ್ಚೆ ಬಹುಮಟ್ಟಿಗೆ ರಾಜಕಾರಣದ ಸುತ್ತ ನಡೆದಿದೆ. ಎಂ. ಮಾಧವ ಪ್ರಸಾದ್ ಅವರು ಎಂ.ಜಿ.ಆರ್., ಎನ್.ಟಿ.ಆರ್. ಮತ್ತು ರಾಜ್‌ಕುಮಾರ್ ಮೂವರನ್ನೂ ಒಂದೇ ಚೌಕಟ್ಟಿನಲ್ಲಿಟ್ಟು ನೋಡಿದ್ದುಂಟು. ಆದರೆ ಸ್ಮಾರಕದ ಜಾಗವನ್ನು ನೋಡಿದರೆ ಮೂವರ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಎಂ.ಜಿ.ಆರ್. ಮಲಗಿರುವುದು ಚೆನ್ನೈನ ಮರೀನಾ ಕಡಲತೀರದಲ್ಲಿ, ಅಣ್ಣಾದುರೈ ಅವರ ಸಮಾಧಿಯ ಹತ್ತಿರ. ಎನ್.ಟಿ.ಆರ್. ಸ್ಮಾರಕ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿದೆ. ಇಬ್ಬರೂ ಮುಖ್ಯಮಂತ್ರಿಗಳಾಗಿದ್ದವರು, ಅವರಿಗೆ ಸಿಕ್ಕಿದ್ದು ಆಳಿದವರ ಜಾಗ. ರಾಜ್‌ಕುಮಾರ್ ಚುನಾವಣೆಗೆ ನಿಲ್ಲಲಿಲ್ಲ, ಅಧಿಕಾರ ಹಿಡಿಯಲಿಲ್ಲ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರಿಗೆ ಸಿಕ್ಕಿದ್ದು ಸರ್ಕಾರಿ ಸ್ವಾಮ್ಯದ ಕಂಠೀರವ ಸ್ಟುಡಿಯೊದ ಆವರಣ. ಕಸುಬಿನ ನೆಲವೇ ಸಮಾಧಿಯ ನೆಲವಾಯಿತು.

ಆ ಎರಡು ದಿನಗಳ ಬೆಂಗಳೂರನ್ನು ಕಂಡವರು ಮರೆಯಲಾರರು. ಅಂತಿಮ ದರ್ಶನಕ್ಕೆ ಸರಿಯಾದ ಸಿದ್ಧತೆಯಿಲ್ಲದೆ ಜನ ನುಗ್ಗಿದರು. ಕಲ್ಲು ತೂರಾಟ, ಬೆಂಕಿ, ಗೋಲಿಬಾರಿನ ನಡುವೆ ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿ ಹಲವರು ಜೀವ ಕಳೆದುಕೊಂಡರು. ಅಭಿಮಾನಿಗಳನ್ನು ದೇವರೆಂದು ಕರೆಯುತ್ತಿದ್ದ ನಟನ ಅಂತ್ಯಯಾತ್ರೆಯಲ್ಲಿ ಆ ‘ದೇವರು’ಗಳಿಗೆ ನಿಲ್ಲಲು ಜಾಗವಿರಲಿಲ್ಲ. ಹದಿನೈದು ವರ್ಷಗಳ ನಂತರ, 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದಾಗ ಆಡಳಿತ ಆ ಪಾಠವನ್ನು ನೆನಪಿಟ್ಟುಕೊಂಡಿತ್ತು. ಕಂಠೀರವ ಕ್ರೀಡಾಂಗಣದಲ್ಲಿ ಹಗಲು ರಾತ್ರಿ ದರ್ಶನಕ್ಕೆ ಅವಕಾಶ ಸಿಕ್ಕಿತು. ಅಂತ್ಯಕ್ರಿಯೆಯನ್ನು 31ರ ಮುಂಜಾವಿಗೆ ಇಟ್ಟುಕೊಂಡರು. ಲಕ್ಷಾಂತರ ಜನ ಸಾಲಿನಲ್ಲಿ ಬಂದು ಹೋದರು.

ಪುನೀತರನ್ನು ಮಣ್ಣು ಮಾಡಿದ್ದು ತಂದೆ-ತಾಯಿಯ ಸಮಾಧಿಗಳ ಬಳಿಯಲ್ಲೇ. ಐದನೆಯ ದಿನ ಮನೆಯವರು ಹಾಲು-ತುಪ್ಪ ಬಿಟ್ಟರು. ಹನ್ನೆರಡನೆಯ ದಿನ ಅರಮನೆ ಮೈದಾನದಲ್ಲಿ ಅಭಿಮಾನಿಗಳಿಗೆ ಅನ್ನಸಂತರ್ಪಣೆ ನಡೆಯಿತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಕಡೆ ಹಾಲು-ತುಪ್ಪ ಬಿಡುವುದು ರಕ್ತಸಂಬಂಧಿಗಳ ಕೆಲಸ, ತಿಥಿಯ ಊಟಕ್ಕೆ ಕೂರುವವರು ನೆಂಟರಿಷ್ಟರು. ಅಭಿಮಾನಿಗಳನ್ನು ಆ ಪಂಕ್ತಿಯಲ್ಲಿ ಕೂರಿಸಿ ಬಡಿಸಿದ್ದು ಅವರನ್ನು ನೋಡುಗರ ಸಾಲಿನಿಂದ ಎಬ್ಬಿಸಿ ನೆಂಟರ ಸಾಲಿಗೆ ತಂದಿತು. ಸಾವಿನ ಊಟ ಉಂಡವನಿಗೆ ವರ್ಷದ ತಿಥಿಯ ಋಣವೂ ಇದೆ. ಗೊರವನ ಕಟ್ಟುಪಾಡಿನ ಹೊಸ ರೂಪ ಇದು. ತೀರಿಕೊಂಡ ದಿನದಂದು, ಹುಟ್ಟಿದ ದಿನದಂದು ಊರೂರಿಂದ ಬಂದು ಸಾಲು ನಿಲ್ಲುವವರು ಈ ಋಣವನ್ನೇ ತೀರಿಸುತ್ತಿರುತ್ತಾರೆ. ರಾಜ್‌ಕುಮಾರ್ ವಿಷಯದಲ್ಲಂತೂ ಪುಣ್ಯತಿಥಿಗೂ ಜನ್ಮದಿನಕ್ಕೂ (ಏಪ್ರಿಲ್ 24) ನಡುವೆ ಹನ್ನೆರಡೇ ದಿನ.

ಕಂಠೀರವ ಸ್ಟುಡಿಯೊದಲ್ಲಿ ಗುರುತು, ನೆಲ, ಮನುಷ್ಯ ಮೂರೂ ಕೂಡಿಬಂದಿವೆ. 2018ರ ನವೆಂಬರ್‌ನಲ್ಲಿ ತೀರಿಕೊಂಡ ಅಂಬರೀಷ್ ಅವರ ಸ್ಮಾರಕವೂ ಅಲ್ಲೇ ಇದೆ. ಆದರೆ ಅವರ ಪಾರ್ಥಿವ ಶರೀರ ಮೊದಲು ಮಂಡ್ಯಕ್ಕೆ ಹೋಗಿ ಬಂದಿತು. ಬೀಳ್ಕೊಡುವಾಗ ಆ ಊರಿನ ಮಣ್ಣನ್ನು ಅವರ ಹಣೆಗೆ ಹಚ್ಚಿದರು. ಬೆಂಗಳೂರಿನ ನೆಲ ಸಾಲದು ಎಂದಾಗ ಸ್ವಂತ ಊರಿನ ಮಣ್ಣು ಒಂದು ಚಿಟಿಕೆಯಾದರೂ ಬೇಕಾಗುತ್ತದೆ.

3. ಹಕ್ಕಿಲ್ಲದ ನೆಲ: ಅಭಿಮಾನ್ ಸ್ಟುಡಿಯೊ

ನೆಲದ ಹಕ್ಕು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವಿಷ್ಣುವರ್ಧನ್ ಅವರ ಪ್ರಕರಣ ಸಾಕ್ಷಿ. 2009ರ ಡಿಸೆಂಬರ್ 30ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಬೆಂಗಳೂರಿನ ಕೆಂಗೇರಿ ಕಡೆಯ ಅಭಿಮಾನ್ ಸ್ಟುಡಿಯೊದಲ್ಲಿ. ಅದನ್ನು ಕಟ್ಟಿದವರು ಹಾಸ್ಯನಟ ಬಾಲಕೃಷ್ಣ. ಕಿವಿ ಸರಿಯಾಗಿ ಕೇಳದಿದ್ದರೂ ಎದುರಿನವರ ತುಟಿಯ ಚಲನೆ ನೋಡಿ ಮಾತಿಗೆ ಮಾತು ಜೋಡಿಸುತ್ತಿದ್ದ ಈ ನಟ, ಕನ್ನಡಕ್ಕೊಂದು ಸ್ಟುಡಿಯೊ ಬೇಕೆಂಬ ಹಟದಲ್ಲಿ ಸರ್ಕಾರದಿಂದ ಪಡೆದ ಜಮೀನಿನಲ್ಲಿ ಅದನ್ನು ಎಬ್ಬಿಸಿದ್ದರು. 1995ರಲ್ಲಿ ಅವರು ಹೋದ ಮೇಲೆ ಆ ಜಮೀನು ವ್ಯಾಜ್ಯಗಳ ಗೂಡಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ವಿಷ್ಣುವರ್ಧನ್ ಅವರನ್ನು ಅಲ್ಲಿ ದಹನ ಮಾಡಲಾಗಿತ್ತು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ದೇಹವನ್ನು ಹೂತ ಸಮಾಧಿಯಾಗಿರಲಿಲ್ಲ. ಅಭಿಮಾನಿಗಳು ಅದಕ್ಕೆ ಕೊಟ್ಟುಕೊಂಡ ಹೆಸರು ‘ಪುಣ್ಯಭೂಮಿ’. ಸಮಾಧಿ, ಸ್ಮಾರಕ, ಪುಣ್ಯಭೂಮಿ ಎಂಬ ಮೂರು ಮಾತುಗಳನ್ನು ನಾವು ಒಂದರ ಬದಲು ಇನ್ನೊಂದರಂತೆ ಬಳಸಿದರೂ ಅವುಗಳ ತೂಕ ಬೇರೆ ಬೇರೆ. ಸಮಾಧಿಗೆ ದೇಹ ಬೇಕು. ಸ್ಮಾರಕಕ್ಕೆ ಮಂಜೂರಾತಿ ಬೇಕು. ಪುಣ್ಯಭೂಮಿಗೆ ಬೇಕಾದದ್ದು ನಂಬುವವರು ಮಾತ್ರ. ಹಾಗಾಗಿಯೇ ಅದು ನಂಬಿದವರಿಗೆ ಬಲವಾಗಿಯೂ ಕಾನೂನಿನ ಮುಂದೆ ದುರ್ಬಲವಾಗಿಯೂ ಉಳಿಯಿತು.

ವರ್ಷಗಟ್ಟಲೆ ಎಳೆದಾಡಿದ ಮೇಲೆ ಸರ್ಕಾರ ಮೈಸೂರಿನ ಹೊರವಲಯದ ಹಾಲಾಳು ಗ್ರಾಮದಲ್ಲಿ ಜಮೀನು ಕೊಟ್ಟಿತು. 2023ರ ಜನವರಿ 29ರಂದು ಅಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಮೈಸೂರು ಅವರ ಹುಟ್ಟೂರು. ಕುಟುಂಬಕ್ಕೂ ಅದು ಒಪ್ಪಿಗೆಯಾಗಿತ್ತು. ಆದರೂ ಅಭಿಮಾನಿಗಳಲ್ಲಿ ಒಂದು ದೊಡ್ಡ ಗುಂಪು ಅಭಿಮಾನ್ ಸ್ಟುಡಿಯೊಕ್ಕೇ ಹೋಗಿ ಹೂವಿಡುತ್ತಿತ್ತು. 2025ರ ಆಗಸ್ಟ್‌ನಲ್ಲಿ ಅಲ್ಲಿದ್ದ ಕಟ್ಟೆಯನ್ನೂ ಕೆಡವಲಾಯಿತು. ಮರುತಿಂಗಳೇ, ಅವರ 75ನೆಯ ಜನ್ಮದಿನದ ಹೊಸ್ತಿಲಲ್ಲಿ, ರಾಜ್ಯ ಸರ್ಕಾರ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಘೋಷಿಸಿತು. ಬಿರುದು ಬಂದಿತು, ಕಟ್ಟೆ ಹೋಯಿತು.

ನಮ್ಮ ಅಳತೆಗೋಲಿನಲ್ಲಿ ಇದನ್ನು ಹೀಗೆ ಹೇಳಬಹುದು: ಅಭಿಮಾನ್ ಸ್ಟುಡಿಯೊದಲ್ಲಿ ಗುರುತೂ ಇತ್ತು, ಮನುಷ್ಯರೂ ಇದ್ದರು, ಮಣ್ಣಿನ ಹಕ್ಕು ಇರಲಿಲ್ಲ. ಹಾಲಾಳಿನಲ್ಲಿ ಗುರುತಿದೆ, ಹಕ್ಕಿನ ಮಣ್ಣಿದೆ. ಬೆಂಗಳೂರಿನಲ್ಲಿ ಹದಿನೈದು ವರ್ಷ ಹೂವಿಟ್ಟ ಕೈಗಳು ಅಷ್ಟು ಸುಲಭವಾಗಿ ಅಲ್ಲಿಗೆ ವರ್ಗವಾಗಲಿಲ್ಲ. ಆತಕೂರಿನವರು ಮೂರನ್ನೂ ಒಂದೇ ಕಲ್ಲಿನಲ್ಲಿ ಬರೆಸಿದ್ದರ ಹಿಂದಿನ ಜಾಣತನ ಇಲ್ಲಿ ಅರ್ಥವಾಗುತ್ತದೆ.

4. ನಟಿಯರು ಮತ್ತು ಸ್ವಂತ ಜಮೀನು

ಸ್ಟುಡಿಯೊ ಸಮಾಧಿಗಳ ಪಟ್ಟಿ ಬಹುತೇಕ ನಾಯಕನಟರ ಪಟ್ಟಿ. ಕಂಠೀರವದಲ್ಲಿರುವ ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಾಪಕಿಯಾಗಿ ಚಿತ್ರರಂಗವನ್ನೇ ನಡೆಸಿದವರು, ನಟಿಯಲ್ಲ. ‘ಶರಪಂಜರ’ದ ಕಲ್ಪನಾ 1979ರಲ್ಲಿ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕೊನೆಯುಸಿರೆಳೆದರು. ಸಿನಿಮಾ ಅವಕಾಶಗಳು ಕಡಿಮೆಯಾಗಿ ನಾಟಕ ಕಂಪನಿಯ ಜೊತೆ ಊರೂರು ಸುತ್ತುತ್ತಿದ್ದ ದಿನಗಳವು. ಅವರಿಗೆ ಕಂಠೀರವದಂಥ ಆವರಣ ದಕ್ಕಲಿಲ್ಲ. ದಕ್ಕಿದ್ದು ‘ಮಿನುಗುತಾರೆ’ ಎಂಬ ಬಿರುದು. ಅದು ಇಂದಿಗೂ ಅವರ ಹೆಸರಿನ ಹಿಂದೆ ತಾನಾಗಿ ಬರುತ್ತದೆ.

ಇತ್ತೀಚಿನ ಎರಡು ಸಾವುಗಳು ಬೇರೆ ದಾರಿ ತೋರುತ್ತವೆ. 2023ರ ಡಿಸೆಂಬರ್‌ನಲ್ಲಿ ತೀರಿಕೊಂಡ ಲೀಲಾವತಿ ಅವರ ಅಂತ್ಯಕ್ರಿಯೆ ನೆಲಮಂಗಲ ಸಮೀಪದ ಸೋಲದೇವನಹಳ್ಳಿಯಲ್ಲಿ, ತಾವೇ ದುಡಿದು ಮಾಡಿದ ತೋಟದಲ್ಲಿ ನಡೆಯಿತು. ಆ ಊರಿಗೆ ಅವರು ಜನರಿಗೊಂದು, ದನಕರುಗಳಿಗೊಂದು ಆಸ್ಪತ್ರೆ ಕಟ್ಟಿಸಿಕೊಟ್ಟಿದ್ದರು. 2025ರ ಜುಲೈ 14ರಂದು ತೀರಿಕೊಂಡ ಬಿ. ಸರೋಜಾದೇವಿ, ನಾಲ್ಕು ಭಾಷೆಗಳಲ್ಲಿ ಆಳಿದ ತಾರೆ, ಮಣ್ಣಾದದ್ದು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ, ತವರಿನ ಜಮೀನಿನಲ್ಲಿ. ಇಬ್ಬರ ನೆಲದ ಬಗ್ಗೆಯೂ ಯಾರೂ ತಕರಾರು ತೆಗೆಯುವಂತಿಲ್ಲ. ನಾಯಕನಟನಿಗೆ ಸರ್ಕಾರ ನೆಲ ಕೊಡುತ್ತದೆ ಎಂಬ ನಿರೀಕ್ಷೆ ಇರುತ್ತದೆ. ನಟಿ ತನ್ನ ನೆಲವನ್ನು ತಾನೇ ಹೊಂದಿಸಿಕೊಂಡಿರುತ್ತಾಳೆ. ಅಭಿಮಾನಿ ಸಂಘಗಳು ಹೆಚ್ಚಾಗಿ ಗಂಡಸರ ಸಂಘಗಳೇ ಆಗಿರುವುದೂ ಈ ಅಂತರಕ್ಕೆ ಒಂದು ಕಾರಣ. ನಟಿಯನ್ನು ನೆನೆಯುವವರು ಇಲ್ಲವೆಂದಲ್ಲ. ಅವರ ನೆನಪು ಮನೆಯೊಳಗಿನದು, ಬೀದಿಯಲ್ಲಿ ಫಲಕ ನೆಡುವ ಬಗೆಯದಲ್ಲ.

5. ಸಮಾಧಿಯಿಲ್ಲದವನ ನೆನಪು: ಆಟೊ ನಿಲ್ದಾಣ

1990ರ ಸೆಪ್ಟೆಂಬರ್ 30ರ ಮುಂಜಾನೆ ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡಾಗ ಅವರಿಗಿನ್ನೂ 36 ತುಂಬಿರಲಿಲ್ಲ. ಚಿತ್ರರಂಗದಲ್ಲಿ ಅವರು ಕಳೆದದ್ದು ಹೆಚ್ಚೆಂದರೆ ಹನ್ನೆರಡು ವರ್ಷ. ಜನ ಸಾಲುಗಟ್ಟಿ ನಮಿಸುವ ಸಮಾಧಿ ಅವರದಿಲ್ಲ. ಓದುಬಲ್ಲವರ ವಲಯದಲ್ಲಿ ಅವರ ನೆನಪನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿ ಉಳಿಸಿದೆ. 2004ರಲ್ಲಿ ಪತ್ನಿ ಅರುಂಧತಿ ನಾಗ್ ಅವರ ಶ್ರಮದಿಂದ ಬಾಗಿಲು ತೆರೆದ ‘ರಂಗಶಂಕರ’ ಉಳಿಸಿದೆ. ಆದರೆ ರಾಜ್ಯದ ಉದ್ದಗಲಕ್ಕೂ ಅವರನ್ನು ಹೊತ್ತು ತಿರುಗುತ್ತಿರುವವರು ಆಟೊ ಚಾಲಕರು.

‘ಆಟೋ ರಾಜ’ ತೆರೆಗೆ ಬಂದದ್ದು 1980ರಲ್ಲಿ. ಖಾಕಿ ಅಂಗಿಯ ಚಾಲಕನೇ ಅದರ ನಾಯಕ. ಇಂದು ಕರ್ನಾಟಕದ ಯಾವುದೇ ಪೇಟೆಯಲ್ಲಿ ಬಸ್ ನಿಲ್ದಾಣದಿಂದ ಹೊರಬಂದರೆ ‘ಶಂಕರ್‌ನಾಗ್ ಆಟೋ ನಿಲ್ದಾಣ’ ಎಂಬ ಫಲಕ ಕಾಣುವ ಸಾಧ್ಯತೆ ಹೆಚ್ಚು. ಹಳದಿ-ಕೆಂಪು ಬಣ್ಣ, ಮೂಲೆಯಲ್ಲಿ ಭುವನೇಶ್ವರಿ, ನಡುವೆ ಕುರುಚಲು ಗಡ್ಡದ ಆ ನಗುಮುಖ, ಕೆಳಗೆ ಸಂಘದ ಪದಾಧಿಕಾರಿಗಳ ಹೆಸರು. ಬೆಳಗ್ಗೆ ಮೊದಲು ಬಂದವರು ಫಲಕದ ಧೂಳು ಒರೆಸಿ, ಊದುಬತ್ತಿ ಹಚ್ಚಿ, ಅದನ್ನು ಪಕ್ಕದ ಕಂಬದ ಬಿರುಕಿಗೆ ಸಿಕ್ಕಿಸಿ ಸರದಿಯಲ್ಲಿ ಗಾಡಿ ನಿಲ್ಲಿಸುತ್ತಾರೆ. ನವೆಂಬರ್ 9 ಅವರ ಜನ್ಮದಿನ. ರಾಜ್ಯೋತ್ಸವಕ್ಕೆ ಕಟ್ಟಿದ ತೋರಣ ಇನ್ನೂ ಬಾಡಿರುವುದಿಲ್ಲ, ಅದೇ ಪೆಂಡಾಲಿನಲ್ಲಿ ಇನ್ನೊಂದು ಹಾರ ಬೀಳುತ್ತದೆ.

ಈ ಫಲಕ ನಿಂತಿರುವ ನೆಲ ಚಾಲಕರದ್ದಲ್ಲ. ಪಾದಚಾರಿ ಮಾರ್ಗದ ಅಂಚು ಅಥವಾ ಚರಂಡಿಯ ಮೇಲಿನ ಹಾಸುಗಲ್ಲು. ರಸ್ತೆ ಅಗಲ ಮಾಡುವಾಗ ಫಲಕ ಕಿತ್ತರೆ ಹತ್ತು ಮಾರು ಆಚೆ ಮತ್ತೆ ಎದ್ದು ನಿಲ್ಲುತ್ತದೆ. ಅಭಿಮಾನ್ ಸ್ಟುಡಿಯೊದ ಕಟ್ಟೆಗೆ ಸಾಧ್ಯವಾಗದ್ದು ಇದಕ್ಕೆ ಹೇಗೆ ಸಾಧ್ಯವಾಯಿತು? ಕಟ್ಟೆಗೆ ಬರುವವನು ಕೆಲಸ ಬಿಟ್ಟು ಬರಬೇಕು. ನಿಲ್ದಾಣಕ್ಕೆ ಬರುವವನು ಕೆಲಸಕ್ಕೇ ಬರುತ್ತಾನೆ. ಅವನ ಅನ್ನ ಆ ಸರದಿಯಲ್ಲಿದೆ, ಸರದಿ ಆ ಹೆಸರಿನಲ್ಲಿದೆ. ಪೂಜೆ ಸಲ್ಲಿಸದೆ ಉಣ್ಣಬಾರದೆಂದು ಗೊರವನಿಗೆ ಶಾಸನ ಹಾಕಿದ ಕಟ್ಟುಪಾಡು ಇಲ್ಲಿ ಯಾರೂ ಬರೆಯದೆಯೇ ಜಾರಿಯಲ್ಲಿದೆ. ಇಂದು ಆಟೊ ಓಡಿಸುವ ಎಷ್ಟೋ ಹುಡುಗರು 1990ರ ಈಚೆಗೆ ಹುಟ್ಟಿದವರು. ಶಂಕರ್‌ನಾಗ್ ಬದುಕಿದ್ದ ದಿನಗಳನ್ನು ಅವರು ಕಂಡಿಲ್ಲ. ಅವರಿಗೆ ನೆನಪು ಬಂದದ್ದು ಸಿನಿಮಾದಿಂದ ಎನ್ನುವುದಕ್ಕಿಂತ ಕಸುಬಿನಿಂದ.

6. ಕಲ್ಲಿನಾಚೆಯ ಗುರುತು

ಕಲ್ಲೂ ಫಲಕವೂ ಅಲ್ಲದ ಇನ್ನೊಂದು ಗುರುತು ರಾಜ್‌ಕುಮಾರ್ ಕುಟುಂಬದಿಂದ ಬಂದಿದೆ. ರಾಜ್‌ಕುಮಾರ್ ತಮ್ಮ ಕಣ್ಣುಗಳನ್ನು ದಾನ ಮಾಡಿದ್ದರು. ಪುನೀತರ ಕಣ್ಣುಗಳ ಕಾರ್ನಿಯಾವನ್ನು ವೈದ್ಯರು ಮುಂಪದರ, ಹಿಂಪದರಗಳಾಗಿ ಬಿಡಿಸಿ ಇಬ್ಬರ ಬದಲು ನಾಲ್ವರಿಗೆ ದೃಷ್ಟಿ ಕೊಟ್ಟರು. ಆಗ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಂದೆ ಬಂದದ್ದು ದೊಡ್ಡ ಸುದ್ದಿಯಾಗಿತ್ತು. ಕೈಯೆತ್ತಿ ಸಹಿ ಹಾಕಿದ ಅಭಿಮಾನಿ ತನ್ನ ದೇಹವನ್ನೇ ಆ ಸ್ಮರಣೆಗೆ ‘ಬಿಟ್ಟ ಮಣ್ಣು’ ಮಾಡಿಕೊಂಡ ಎನ್ನಬಹುದು. ಹೃದಯಾಘಾತದ ಆರಂಭದ ಹೊತ್ತಿನಲ್ಲೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ಯೋಜನೆಗೆ ಸರ್ಕಾರ ಪುನೀತರ ಹೆಸರನ್ನೇ ಇಟ್ಟಿತು. ಅವರು ಹೋದ ಕಾರಣವೇ ಇನ್ನೊಬ್ಬರು ಉಳಿಯುವ ಏರ್ಪಾಡಾಯಿತು. ಸ್ಮಾರಕದ ಉದ್ಘಾಟನೆ ಒಂದೇ ದಿನ ನಡೆದು ಮುಗಿಯುತ್ತದೆ. ಇಂಥ ಹೆಸರು ತುರ್ತು ವಾರ್ಡಿನ ಚೀಟಿಯಲ್ಲಿ ದಿನವೂ ಬರೆಯಲ್ಪಡುತ್ತದೆ.

7. ಉಪಸಂಹಾರ

ಮೇಲಿನ ಪ್ರಕರಣಗಳನ್ನು ಕೂಡಿಸಿ ನೋಡಿದರೆ ಎರಡು ಮಾತು ಹೇಳಬಹುದು. ಒಂದು, ಕನ್ನಡ ತಾರೆಯ ನೆನಪು ಅಧಿಕಾರದ ನೆಲಕ್ಕಿಂತ ದುಡಿಮೆಯ ನೆಲವನ್ನು ಹುಡುಕಿಕೊಂಡಿದೆ: ನಟನ ದುಡಿಮೆಯ ಸ್ಟುಡಿಯೊ, ನಟಿ ದುಡಿದು ಮಾಡಿದ ತೋಟ, ನೋಡುಗನ ದುಡಿಮೆಯ ಆಟೊ ನಿಲ್ದಾಣ. ಎರಡು, ಎಕರೆ ಮತ್ತು ಅನುದಾನಗಳ ಲೆಕ್ಕದಲ್ಲೇ ನಡೆಯುವ ಸ್ಮಾರಕದ ಚರ್ಚೆ, ಅದನ್ನು ದಿನನಿತ್ಯ ನಡೆಸಿಕೊಂಡು ಹೋಗುವವರು ಯಾರು, ಅವರಿಗೂ ಅದಕ್ಕೂ ಏನು ಋಣ ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಹತ್ತನೆಯ ಶತಮಾನದಲ್ಲಿ ಒಂದು ನಾಯಿಯ ಕಲ್ಲಿಗೆ ಆ ಪ್ರಶ್ನೆ ಕೇಳಿ, ಉತ್ತರವನ್ನೂ ಕೆತ್ತಿಸಿದ್ದರು. ಆತಕೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಎರಡು ಖಂಡುಗ ಮಣ್ಣೂ ಜೊತೆಗಿಲ್ಲ, ಗೊರವನೂ ಇಲ್ಲ. ಅದನ್ನು ಈಗ ನೋಡಲು ಟಿಕೆಟ್ ತೆಗೆಸಬೇಕು. ಅದೇ ಊರಿನ ರಸ್ತೆಗಳಲ್ಲಿ, ಹಕ್ಕುಪತ್ರವಿಲ್ಲದ ಚರಂಡಿಯಂಚಿನ ಫಲಕದ ಮುಂದೆ, ನಾಳೆ ಬೆಳಗ್ಗೆ ಮೊದಲ ಸರದಿಯವನು ಮತ್ತೆ ಊದುಬತ್ತಿ ಹಚ್ಚುತ್ತಾನೆ.