ಗ್ರಾನಾರ್ಡಿನ ಗವಿಯಿಂದ ಗಾಲ್ವೇ ಆಸ್ಪತ್ರೆಯವರೆಗೆ



ಮಾರ್ಚ್ 25ರಂದು ನಾವು ದೂತಸಂದೇಶದ ಹಬ್ಬವನ್ನು ಆಚರಿಸುತ್ತೇವೆ. ಕ್ರಿಸ್ಮಸ್ಸಿಗೆ ಸರಿಯಾಗಿ ಒಂಬತ್ತು ತಿಂಗಳ ಮೊದಲು ಈ ಹಬ್ಬ ಬರುವುದರಲ್ಲೇ ಒಂದು ಬೋಧನೆಯಿದೆ. ದೇವಪುತ್ರರು ಮನುಷ್ಯರಾದದ್ದು ಗೋದಲಿಯಲ್ಲಲ್ಲ, ತಾಯಿಯ ಗರ್ಭದಲ್ಲಿ. ಗರ್ಭದ ಜೀವ ಪವಿತ್ರವೆಂದು ಧರ್ಮಸಭೆ ಸಾರುವುದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಆದರೆ ಅದೇ ವೃತ್ತಾಂತದಲ್ಲಿ ನಾವು ಬೇಗ ಬೇಗ ಓದಿ ದಾಟಿಬಿಡುವ ಭಾಗವೊಂದಿದೆ. ಮದುವೆ ನಿಶ್ಚಯವಾಗಿದ್ದ ಹುಡುಗಿ ಕೂಡಿಬಾಳುವ ಮೊದಲೇ ಗರ್ಭವತಿಯಾದಳೆಂದು ತಿಳಿದಾಗ ಸಂತ ಜೋಸೆಫರ ಕೈಗೆ ಧರ್ಮಶಾಸ್ತ್ರದ ಕಲ್ಲುಗಳು ಎಟುಕುವಷ್ಟು ಹತ್ತಿರದಲ್ಲಿದ್ದವು. ಅವರು ಆಕೆಯನ್ನು ಊರೆದುರು ಅವಮಾನಿಸಲು ಒಪ್ಪಲಿಲ್ಲ. ಶುಭಸಂದೇಶಕಾರರು ಅವರನ್ನು ನೀತಿವಂತರೆಂದು ಕರೆಯುವುದು ಇದೇ ಸಂದರ್ಭದಲ್ಲಿ.

ಗರ್ಭದ ಜೀವವನ್ನೂ, ಗರ್ಭ ಹೊತ್ತವಳ ಮಾನ ಪ್ರಾಣವನ್ನೂ ಒಟ್ಟಿಗೆ ಕಾಪಾಡುವುದು ಹೇಳಿದಷ್ಟು ಸುಲಭವಲ್ಲ. ಒಂದು ಇಡೀ ಕಥೋಲಿಕ ರಾಷ್ಟ್ರವೇ ಇದರಲ್ಲಿ ಹೇಗೆ ನಡೆದುಕೊಂಡಿತು ಎಂಬುದನ್ನು ಈ ಹಬ್ಬದ ಸಂದರ್ಭದಲ್ಲಿ ನೆನೆಯೋಣ. ಆ ದೇಶ ಆಯರ್ಲೆಂಡ್, ಸಂತ ಪ್ಯಾಟ್ರಿಕ್‌ರ ನಾಡು. ಅಷ್ಟು ದೂರದ ಕಥೆ ನಮಗೇಕೆ ಎಂದು ಕೇಳಬೇಡಿ. ಆ ಕಥೆಯ ತಿರುವಿನಲ್ಲಿ ನಮ್ಮ ಬೆಳಗಾವಿಯ ಮಗಳೊಬ್ಬಳ ಹೆಸರಿದೆ.

ಆಯರ್ಲೆಂಡಿನಲ್ಲಿ ಗರ್ಭಪಾತವನ್ನು ಅಪರಾಧವಾಗಿಸಿದ್ದು ಧರ್ಮಸಭೆಯಲ್ಲ, ಬ್ರಿಟಿಷರ 1861ರ ಕಾನೂನು. ಸ್ವತಂತ್ರವಾದ ಮೇಲೂ ಅದು ಉಳಿಯಿತು. 1935ರಲ್ಲಿ ಗರ್ಭನಿರೋಧಕಗಳ ಮಾರಾಟವನ್ನೂ ಆಮದನ್ನೂ ನಿಷೇಧಿಸಲಾಯಿತು. ಮದುವೆಗೆ ಮುಂಚೆ ಸಂಯಮ, ಮದುವೆಯ ನಂತರ ನಿಷ್ಠೆ: ಇದು ಶಾಲೆ, ಪೀಠ, ಮನೆ ಎಲ್ಲೆಡೆ ಕಲಿಸಿದ ಪಾಠ. ಪಾಠದಲ್ಲಿ ತಪ್ಪಿಲ್ಲ. ಅದು ಹುಡುಗನಿಗೂ ಹುಡುಗಿಗೂ ಸಮನಾಗಿ ಹೇಳಿದ ಪಾಠ. ಆದರೆ ಎಡವಿದಾಗ ಶಿಕ್ಷೆ ಮಾತ್ರ ಸಮನಾಗಿರಲಿಲ್ಲ. ಹುಡುಗ ಊರಲ್ಲೇ ಉಳಿಯುತ್ತಿದ್ದ, ಅಥವಾ ಇಂಗ್ಲೆಂಡಿಗೆ ಕೂಲಿಗೆ ಹೋಗುತ್ತಿದ್ದ. ಹುಡುಗಿಯನ್ನು ಕತ್ತಲಾದ ಮೇಲೆ ಮನೆಯವರೇ ‘ತಾಯಿ ಮಗುವಿನ ಗೃಹ’ಕ್ಕೆ ಕರೆದೊಯ್ಯುತ್ತಿದ್ದರು.

ಈ ಗೃಹಗಳ ವಿಷಯದಲ್ಲಿ ಸರ್ಕಾರ ನೇಮಿಸಿದ ಆಯೋಗದ ಅಂತಿಮ ವರದಿ 2021ರ ಜನವರಿಯಲ್ಲಿ ಹೊರಬಂದಿತು. 1922ರಿಂದ 1998ರವರೆಗೆ, ಆಯೋಗ ಪರಿಶೀಲಿಸಿದ ಗೃಹಗಳಲ್ಲಿ ಸುಮಾರು 56,000 ಹೆಂಗಸರು, 57,000 ಮಕ್ಕಳು ಇದ್ದರು. ಅವರಲ್ಲಿ ಹನ್ನೆರಡು ವರ್ಷದ ಬಾಲೆಯರೂ ಇದ್ದರು. ಸುಮಾರು 9,000 ಮಕ್ಕಳು ಅಲ್ಲೇ ಸತ್ತರು. 1945-46ರಲ್ಲಂತೂ ಈ ಗೃಹಗಳ ಶಿಶುಮರಣ ಪ್ರಮಾಣ, ಮದುವೆಯಾಗದ ತಾಯಂದಿರ ಶಿಶುಗಳ ರಾಷ್ಟ್ರೀಯ ಸರಾಸರಿಗಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. ಬದುಕಿದವರಲ್ಲಿ ಅನೇಕರನ್ನು ದತ್ತು ಕೊಡಲಾಯಿತು. ಗರ್ಭದಲ್ಲಿದ್ದಾಗ ಪವಿತ್ರವೆನಿಸಿದ್ದ ಜೀವ ಹುಟ್ಟಿದ ಮರುದಿನವೇ ‘ಅಕ್ರಮ’ ಎಂಬ ಹಣೆಪಟ್ಟಿ ಹೊತ್ತುಕೊಳ್ಳುತ್ತಿತ್ತು. ಆ ಪದವನ್ನು ಕಾನೂನಿನಿಂದ ತೆಗೆದದ್ದು 1987ರಲ್ಲಿ. ಈ ಕಠಿಣ ವರ್ತನೆಯ ಹೊಣೆ ಮುಖ್ಯವಾಗಿ ಮಕ್ಕಳ ತಂದೆಯರದು ಮತ್ತು ಹುಡುಗಿಯರ ಮನೆಯವರದು, ಅದಕ್ಕೆ ಸರ್ಕಾರವೂ ಧರ್ಮಸಭೆಗಳೂ ಬೆಂಬಲವಾಗಿ ನಿಂತವು ಎಂದು ಆಯೋಗ ಹೇಳಿತು. ಗೃಹಗಳಲ್ಲಿ ಬದುಕಿ ಬಂದ ಅನೇಕರಿಗೆ ಈ ಮಾತು ಹಿಡಿಸಲಿಲ್ಲ. ನಮಗೂ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಮಗಳನ್ನು ಹೊರಹಾಕದಿದ್ದರೆ ಮಾನ ಹೋಯಿತು ಎಂಬ ಭಯವನ್ನು ಆ ಮನೆಗಳಿಗೆ ಕಲಿಸಿದವರು ಯಾರು?

1967ರಲ್ಲಿ ಇಂಗ್ಲೆಂಡ್ ಗರ್ಭಪಾತವನ್ನು ಕಾನೂನುಬದ್ಧಗೊಳಿಸಿತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಖಾಸಗಿತನದ ಹಕ್ಕಿನ ಆಧಾರದಲ್ಲಿ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಐರಿಷ್ ಸುಪ್ರೀಂ ಕೋರ್ಟ್, ದಂಪತಿಗಳಿಗೆ ಗರ್ಭನಿರೋಧಕ ತರಿಸಿಕೊಳ್ಳುವ ಹಕ್ಕಿದೆ ಎಂದಿತು. ಇವತ್ತು ಇದು, ನಾಳೆ ಗರ್ಭಪಾತ ಎಂದು ಅನೇಕರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1979ರ ಸೆಪ್ಟೆಂಬರ್ ಕೊನೆಯಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್‌ರವರು ಅಲ್ಲಿಗೆ ಭೇಟಿಯಿತ್ತಾಗ ಡಬ್ಲಿನ್ ನಗರದ ಬಲಿಪೂಜೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರೆಂದು ಅಂದಾಜು. ದೇಶದ ಜನಸಂಖ್ಯೆಯೇ ಆಗ ಮೂವತ್ತನಾಲ್ಕು ಲಕ್ಷದಷ್ಟು! ಈ ಹುಮ್ಮಸ್ಸಿನಲ್ಲಿ, ಹುಟ್ಟದ ಮಗುವಿನ ಜೀವದ ಹಕ್ಕನ್ನು ಸಂವಿಧಾನದಲ್ಲೇ ಬರೆಯಬೇಕೆಂಬ ಚಳುವಳಿ 1981ರಲ್ಲಿ ಆರಂಭವಾಯಿತು. ತಾಯಿಯ ಜೀವದ ಹಕ್ಕಿಗೆ ಸಮಾನವಾಗಿ ಮಗುವಿನ ಹಕ್ಕನ್ನೂ ಮನ್ನಿಸುವ ಎಂಟನೇ ತಿದ್ದುಪಡಿ 1983ರ ಸೆಪ್ಟೆಂಬರ್ 7ರಂದು ಜನಮತಕ್ಕೆ ಬಂದಿತು. ನೂರಕ್ಕೆ ಅರವತ್ತೇಳು ಮತಗಳಿಂದ ಗೆದ್ದಿತು.

ಅಂದು ವಿರೋಧಿಸಿದವರೆಲ್ಲ ಗರ್ಭಪಾತದ ಪರವಾಗಿದ್ದವರಲ್ಲ. ಇದನ್ನು ನಾವು ನ್ಯಾಯವಾಗಿ ಹೇಳಬೇಕು. ಪ್ರೊಟೆಸ್ಟೆಂಟ್ ಸಭೆಗಳು, ಇಂಥ ಸೂಕ್ಷ್ಮ ನೈತಿಕ ವಿಷಯವನ್ನು ಸಂವಿಧಾನದ ಒಂದು ವಾಕ್ಯದಲ್ಲಿ ಕಟ್ಟಿಹಾಕಲಾಗದು ಎಂದವು. ಸರ್ಕಾರದ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್, ಈ ಪದಗಳು ಅಸ್ಪಷ್ಟ, ಮುಂದೆ ನ್ಯಾಯಾಲಯ ಇದರಿಂದಲೇ ಬೇರೆ ಅರ್ಥ ತೆಗೆಯಬಹುದು ಎಂದು ಎಚ್ಚರಿಸಿದರು. ಧರ್ಮಾಧ್ಯಕ್ಷರುಗಳು ತಿದ್ದುಪಡಿಯನ್ನು ಬೆಂಬಲಿಸಿದರೂ ಪ್ರತಿಯೊಬ್ಬನಿಗೂ ತನ್ನ ಮನಸ್ಸಾಕ್ಷಿಯಂತೆ ಮತ ಹಾಕುವ ಹಕ್ಕಿದೆಯೆಂದು ತಮ್ಮ ಜಂಟಿ ಹೇಳಿಕೆಯಲ್ಲಿ ಒಪ್ಪಿಕೊಂಡರು. ಹಳ್ಳಿಯ ಪೀಠಗಳಲ್ಲಿ ಆ ಕೊನೆಯ ಮಾತು ಎಷ್ಟು ಗಟ್ಟಿಯಾಗಿ ಕೇಳಿಸಿತೋ ನಾವು ಊಹಿಸಿಕೊಳ್ಳಬಹುದು.

ಗೆದ್ದು ಐದು ತಿಂಗಳೂ ಆಗಿರಲಿಲ್ಲ. 1984ರ ಜನವರಿ 31, ಚಳಿ ಮಳೆಯ ಮಂಗಳವಾರ. ಲಾಂಗ್‌ಫರ್ಡ್ ಜಿಲ್ಲೆಯ ಗ್ರಾನಾರ್ಡ್ ಎಂಬ ಪುಟ್ಟ ಪಟ್ಟಣದಲ್ಲಿ, ದೇವಾಲಯದ ಪಕ್ಕದ ಮಾತೆ ಮರಿಯಮ್ಮನವರ ಗವಿಯ ಬಳಿ, ಹದಿನೈದು ವರ್ಷದ ಆ್ಯನ್ ಲವೆಟ್ ಎಂಬ ಶಾಲಾ ಬಾಲಕಿ ಒಬ್ಬಳೇ ಹೆತ್ತಳು. ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಹುಡುಗರು ಆಕೆಯನ್ನು ಕಂಡು ದೊಡ್ಡವರನ್ನು ಕರೆದರು. ಗಂಡು ಮಗು ಅಷ್ಟರಲ್ಲಿ ಸತ್ತಿತ್ತು. ಆ್ಯನ್ ಅಂದೇ ಆಸ್ಪತ್ರೆಯಲ್ಲಿ ತೀರಿಕೊಂಡಳು.

ನಮ್ಮ ಕೇಂದ್ರಗಳಲ್ಲೂ ಗವಿಗಳಿವೆ. ಮೇಣದ ಬತ್ತಿ ಹಚ್ಚುತ್ತೇವೆ, ಜಪಸರ ಹೇಳುತ್ತೇವೆ. ಆ ಮಗು ಊರಿನ ಯಾವ ಬಾಗಿಲನ್ನೂ ತಟ್ಟದೆ ಅಲ್ಲಿಗೇ ಏಕೆ ಹೋಯಿತು? ಮದುವೆಯಿಲ್ಲದೆ ಗರ್ಭ ಧರಿಸುವುದೆಂದರೇನು ಎಂದು ಬಲ್ಲ ತಾಯಿ ಆ ಊರಿನಲ್ಲಿ ಅವರೊಬ್ಬರೇ ಎಂದು ಆಕೆಗೆ ಅನ್ನಿಸಿರಬಹುದೇ? ಇದು ನಮ್ಮ ಊಹೆ ಮಾತ್ರ. ನಡೆದದ್ದು ಏನೆಂದರೆ, ಕೆಲವೇ ವಾರಗಳಲ್ಲಿ ಗೇ ಬರ್ನ್ ಎಂಬವರು ನಡೆಸುತ್ತಿದ್ದ ರೇಡಿಯೋ ಕಾರ್ಯಕ್ರಮಕ್ಕೆ ದೇಶದ ಮೂಲೆಮೂಲೆಯಿಂದ ಹೆಂಗಸರ ಪತ್ರಗಳು ಬಂದವು. ಗುಟ್ಟಾಗಿ ಹೆತ್ತವರು, ಹೆತ್ತದ್ದನ್ನು ಗುಟ್ಟಾಗಿ ಹೂತವರು, ನಲವತ್ತು ಐವತ್ತು ವರ್ಷ ಯಾರಿಗೂ ಹೇಳದೆ ಬದುಕಿದವರು. ಫೆಬ್ರವರಿ 23ರಂದು ಆ ಪತ್ರಗಳನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಒಂದರ ಹಿಂದೆ ಒಂದರಂತೆ ಓದಲಾಯಿತು. ದೇಶವೇ ಪಾಪನಿವೇದನೆಗೆ ಕುಳಿತಂತಿತ್ತು. ಆದರೆ ನಿವೇದಿಸುತ್ತಿದ್ದವರು ಪಾಪಕ್ಕೆ ಗುರಿಯಾದವರು.

ಧರ್ಮಸಭೆ ಏನೂ ಮಾಡಲಿಲ್ಲವೆಂದಲ್ಲ. ಧರ್ಮಾಧ್ಯಕ್ಷರೇ 1977ರಲ್ಲಿ ‘ಕೂರಾ’ ಎಂಬ ಸಂಸ್ಥೆಯನ್ನು ತೆರೆದು, ಬಯಸದೆ ಗರ್ಭಿಣಿಯಾದವರಿಗೆ ಆಪ್ತ ಸಲಹೆ, ಆಸರೆ ಕೊಡಿಸುತ್ತಿದ್ದರು. ಅದು 2018ರವರೆಗೂ ನಡೆಯಿತು. 1990ರ ದಶಕದ ಮಧ್ಯದಲ್ಲಿ ಶಾಲೆಗಳಿಗೆ ಸಂಬಂಧ ಮತ್ತು ಲೈಂಗಿಕತೆಯ ಶಿಕ್ಷಣ ಬಂದಿತು. ಇದರ ಮೇಲೂ ಜಗಳ. ತಿಳಿಸಿದರೆ ಕೆಡುತ್ತಾರೆ ಎಂದರು ಕೆಲವರು, ತಿಳಿಸದೆ ಕೆಟ್ಟದ್ದು ಸಾಲದೇ ಎಂದರು ಉಳಿದವರು. 2001ರಲ್ಲಿ ಆ ದೇಶದಲ್ಲಿ ಹದಿಹರೆಯದ ತಾಯಂದಿರಿಗೆ ಹುಟ್ಟಿದ ಮಕ್ಕಳು ಮೂರು ಸಾವಿರಕ್ಕೂ ಹೆಚ್ಚು. ಎರಡು ದಶಕಗಳಲ್ಲಿ ಅದು ಸಾವಿರಕ್ಕಿಂತ ಕೆಳಗಿಳಿಯಿತು. ಶಿಕ್ಷಣದಿಂದಲೋ, ಗರ್ಭನಿರೋಧಕದಿಂದಲೋ, ಹೆಣ್ಣುಮಕ್ಕಳು ಮುಂದಕ್ಕೆ ಓದುವಂತಾದದ್ದರಿಂದಲೋ ಎಂದು ಒಂದೇ ಕಾರಣ ಹೇಳುವುದು ಕಷ್ಟ. ಸಂಯಮದ ಪಾಠ ಬೇಡವೆಂದು ನಾವು ಹೇಳುವುದಿಲ್ಲ. ಅದು ನಮ್ಮ ವಿಶ್ವಾಸದ ಪಾಠ. ತನ್ನ ದೇಹ ಹೇಗೆ ಕೆಲಸ ಮಾಡುತ್ತದೆಂದು ತಿಳಿಯದ ಮಗುವಿಗೆ ಸಂಯಮ ಹೇಳುವುದು, ಈಜು ಬಾರದವನಿಗೆ ಹೊಳೆಯ ದಡದಲ್ಲಿ ನಿಂತು ಜೋಪಾನ ಎಂದಂತೆ.

1992ರಲ್ಲಿ ಸದರ್ಲೆಂಡರ ಎಚ್ಚರಿಕೆ ನಿಜವಾಯಿತು. ಪರಿಚಯದ ವ್ಯಕ್ತಿಯಿಂದ ಅತ್ಯಾಚಾರಕ್ಕೊಳಗಾದ ಹದಿನಾಲ್ಕು ವರ್ಷದ ಹುಡುಗಿಯನ್ನು ತಂದೆತಾಯಿ ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಕರೆದೊಯ್ದರು. ಪೊಲೀಸರಿಗೂ ತಿಳಿಸಿದ್ದರು. ಸರ್ಕಾರಿ ವಕೀಲರು ಹೈಕೋರ್ಟಿನಿಂದ ತಡೆಯಾಜ್ಞೆ ತಂದು ಹಿಂದಕ್ಕೆ ಕರೆಸಿದರು. ಹುಡುಗಿ ಆತ್ಮಹತ್ಯೆಯ ಮಾತಾಡುತ್ತಿದ್ದಳು. ಸುಪ್ರೀಂ ಕೋರ್ಟ್ ತಡೆಯನ್ನು ತೆಗೆದು, ತಾಯಿಯ ಜೀವಕ್ಕೆ ನಿಜವಾದ ಗಂಭೀರ ಅಪಾಯವಿದ್ದರೆ, ಅದು ಆತ್ಮಹತ್ಯೆಯ ಅಪಾಯವಾಗಿದ್ದರೂ, ಗರ್ಭಪಾತಕ್ಕೆ ಅವಕಾಶವಿದೆ ಎಂದಿತು. ಸಮಾನ ಹಕ್ಕು ಎಂಬ ಅದೇ ವಾಕ್ಯದಿಂದ! ಆತ್ಮಹತ್ಯೆಯ ಕಾರಣವನ್ನು ಕೈಬಿಡಲು 1992ರಲ್ಲೂ 2002ರಲ್ಲೂ ಜನಮತ ಕೇಳಲಾಯಿತು, ಎರಡು ಸಲವೂ ಸೋತಿತು. ಆದರೆ ಪ್ರಯಾಣದ ಹಕ್ಕನ್ನು ಜನ ಒಪ್ಪಿದರು. ಹೀಗೆ 1980ರಿಂದ 2016ರವರೆಗೆ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಐರಿಷ್ ಹೆಂಗಸರು ಸಮುದ್ರ ದಾಟಿ ಹೋಗಿ ಗರ್ಭಪಾತ ಮಾಡಿಸಿಕೊಂಡರು. ವೈದ್ಯರು ಎಷ್ಟು ಅಪಾಯವಾದರೆ ಕೈಹಾಕಬಹುದು ಎಂಬುದಕ್ಕೆ ಸ್ಪಷ್ಟ ಕಾನೂನು ಮಾತ್ರ ಇಪ್ಪತ್ತು ವರ್ಷ ಬರಲಿಲ್ಲ. ಯಾವ ಸರ್ಕಾರಕ್ಕೂ ಅದನ್ನು ಮುಟ್ಟುವ ಧೈರ್ಯವಿರಲಿಲ್ಲ.

ಆ ಖಾಲಿ ಜಾಗದಲ್ಲಿ ಸವಿತಾ ಹಾಲಪ್ಪನವರ ಬಿದ್ದಳು. ತಂದೆತಾಯಿ ಬೆಳಗಾವಿಯವರು. ದಂತವೈದ್ಯೆ, ಮೂವತ್ತೊಂದು ವರ್ಷ, ಮದುವೆಯ ನಂತರ ಪತಿ ಪ್ರವೀಣರೊಂದಿಗೆ ಗಾಲ್ವೇ ನಗರದಲ್ಲಿ ನೆಲೆಸಿದ್ದಳು. ಚೊಚ್ಚಲ ಬಸಿರು, ಹದಿನೇಳನೇ ವಾರ. 2012ರ ಅಕ್ಟೋಬರ್ 21ರಂದು ನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ನಿಲ್ಲುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ಮುಗಿಸಿಕೊಡಿ ಎಂದು ದಂಪತಿಗಳು ಕೇಳಿದರು. ಮಗುವಿನ ಎದೆಬಡಿತ ಇರುವವರೆಗೆ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂದಿತು. ಇದು ಕಥೋಲಿಕ ದೇಶ ಎಂದು ದಾದಿಯೊಬ್ಬರು ಅಂದದ್ದು ಮುಂದೆ ಮರಣ ವಿಚಾರಣೆಯಲ್ಲಿ ದೃಢಪಟ್ಟಿತು. 24ರಂದು ಮಗು ಹೋಯಿತು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಏರಿತ್ತು. 28ರಂದು ಸವಿತಾ ತೀರಿಕೊಂಡಳು.

ನಮ್ಮ ದೇಶದಲ್ಲಿ 1971ರ ಕಾನೂನಿನ ಪ್ರಕಾರ, ತಾಯಿಯ ಪ್ರಾಣಕ್ಕೆ ಅಪಾಯವಿದ್ದರೆ ಹದಿನೇಳನೇ ವಾರದಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭ ತೆಗೆಯಬಹುದಿತ್ತು. ಬೆಳಗಾವಿಯಲ್ಲಿದ್ದಿದ್ದರೆ ಮಗಳು ಉಳಿಯುತ್ತಿದ್ದಳು ಎಂದು ಹೆತ್ತವರು ಮರುಗಿದ್ದು ಸಹಜ.

ಈ ಸಾವಿನ ಅರ್ಥದ ಬಗ್ಗೆಯೂ ಎರಡು ಅಭಿಪ್ರಾಯ. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಆಕೆ ಬದುಕುವ ಸಂಭವವಿತ್ತು, ಆದರೆ ಆಗ ಕಾನೂನು ಅಡ್ಡವಿತ್ತು ಎಂದು ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಸಾಕ್ಷ್ಯ ನುಡಿದರು. ಕಾನೂನಲ್ಲ, ಸೋಂಕನ್ನು ಸಕಾಲದಲ್ಲಿ ಗುರುತಿಸದ ನಿರ್ಲಕ್ಷ್ಯವೇ ಕಾರಣ ಎಂದು ಬೇರೆ ವೈದ್ಯರು ವಾದಿಸಿದರು. 2013ರ ಅಧಿಕೃತ ತನಿಖೆಗಳು ಆರೈಕೆಯ ಲೋಪಗಳನ್ನು ಎತ್ತಿ ತೋರಿಸಿದವು. ಅವುಗಳಲ್ಲೊಂದು, ಹದಿಮೂರು ಸಲ ಅವಕಾಶ ಕೈತಪ್ಪಿತು ಎಂದಿತು. ಎದೆಬಡಿತ ನಿಲ್ಲಲಿ ಎಂದು ಕಾದದ್ದನ್ನೂ ತನಿಖೆ ಎತ್ತಿಹೇಳಿತು. ಎರಡೂ ನಿಜವಿರಬಹುದು. ಮಗುವಿನ ಜೀವಕ್ಕಾಗಿ ತಾಯಿಯ ಜೀವವನ್ನು ಬಲಿಕೊಡಬೇಕೆಂದು ಧರ್ಮಸಭೆ ಎಂದೂ ಬೋಧಿಸಿಲ್ಲವೆಂದು ಐರಿಷ್ ಧರ್ಮಾಧ್ಯಕ್ಷರು ಆ ನವೆಂಬರಿನಲ್ಲಿ ಸ್ಪಷ್ಟಪಡಿಸಿದರು. ನಾವು ಗುರುಮಠದಲ್ಲಿ ಓದಿದ ನೀತಿಶಾಸ್ತ್ರವೂ ಅದನ್ನೇ ಹೇಳುತ್ತದೆ: ತಾಯಿಯ ರೋಗಕ್ಕೆ ಮಾಡಲೇಬೇಕಾದ ಚಿಕಿತ್ಸೆಯಿಂದ, ಉದ್ದೇಶಿಸದಿದ್ದರೂ, ಮಗು ಉಳಿಯದೆ ಹೋದರೆ ಅದು ಕೊಲೆಯಲ್ಲ. ಈ ಬೋಧನೆ ಪುಸ್ತಕದಲ್ಲಿತ್ತು. ಅದು ಗಾಲ್ವೇಯ ಆ ವಾರ್ಡಿಗೆ ಮುಟ್ಟಿರಲಿಲ್ಲ. ಅಲ್ಲಿ ಮುಟ್ಟಿದ್ದು ಭಯ.

2018ರ ಮೇ 25ರಂದು ಮತ್ತೆ ಜನಮತ. ಸವಿತಾಳ ತಂದೆತಾಯಿ ಬೆಳಗಾವಿಯಿಂದಲೇ, ತಿದ್ದುಪಡಿಯನ್ನು ತೆಗೆದುಹಾಕಿ ಎಂದು ಐರಿಷ್ ಜನರನ್ನು ಬೇಡಿಕೊಂಡಿದ್ದರು. 66.4ರಷ್ಟು ಮಂದಿ ಹಾಗೇ ಮತ ಹಾಕಿದರು. 1983ರಲ್ಲಿ ಸೇರಿಸಲು ಬಂದಷ್ಟೇ ಮತ 2018ರಲ್ಲಿ ತೆಗೆಯಲು! ಡನಿಗಾಲ್ ಕ್ಷೇತ್ರವೊಂದೇ ಬೇಡ ಎಂದಿತು. 2019ರ ಜನವರಿಯಿಂದ ಹನ್ನೆರಡು ವಾರಗಳವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅಲ್ಲಿ ಅವಕಾಶವಿದೆ. ಇದನ್ನು ನಾವು ಒಪ್ಪಲಾರೆವು. ಸವಿತಾಳನ್ನು ಉಳಿಸಲು ಇಷ್ಟು ಬೇಕಿರಲಿಲ್ಲ. ಆದರೂ ಆ ಮತ ಹಾಕಿದವರಲ್ಲಿ ಬಹಳ ಮಂದಿ ಜ್ಞಾನಸ್ನಾನ ಪಡೆದವರು, ಅವರ ತಾಯಂದಿರಲ್ಲಿ ಹಲವರು 1979ರಲ್ಲಿ ಜಗದ್ಗುರುಗಳನ್ನು ನೋಡಲು ಮಳೆ ಚಳಿಯೆನ್ನದೆ ನಿಂತವರು. ಜಾತ್ಯತೀತರು ಕೆಡಿಸಿದರು ಎಂದುಬಿಟ್ಟರೆ ಲೆಕ್ಕ ಮುಗಿಯುವುದಿಲ್ಲ.

ಗಾಲ್ವೇಯಿಂದ ಹೆಚ್ಚು ದೂರವಿಲ್ಲದ ಟ್ಯೂಮ್ ಎಂಬ ಊರಿನಲ್ಲಿ ಇಂಥದೊಂದು ತಾಯಿ ಮಗುವಿನ ಗೃಹ 1961ರವರೆಗೆ ನಡೆದಿತ್ತು. ಕ್ಯಾಥರೀನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಾಸಕ್ತ ಗೃಹಿಣಿ ಕಚೇರಿಗೆ ಅಲೆದು ಅಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳನ್ನು ಹುಡುಕಿ ತೆಗೆದರು. ಅವರಿಗೆ ಸರಿಯಾದ ಸಮಾಧಿಯ ದಾಖಲೆ ಸಿಗಲಿಲ್ಲ. ಗೃಹ ನಡೆಸಿದ ಧರ್ಮಭಗಿನಿಯರ ಸಭೆ 2021ರಲ್ಲಿ ಕ್ಷಮೆ ಕೋರಿತು. 2025ರ ಜುಲೈನಲ್ಲಿ ಆ ಜಾಗದ ಸುತ್ತ ಬೇಲಿ ಹಾಕಿ ತಜ್ಞರು ಅಗೆಯಲು ಆರಂಭಿಸಿದರು. ಎರಡು ವರ್ಷದ ಕೆಲಸವೆಂದು ಅಂದಾಜು. ಸಿಕ್ಕ ಎಲುಬುಗಳನ್ನು ಬೇರ್ಪಡಿಸಿ, ಸಾಧ್ಯವಾದಲ್ಲಿ ಗುರುತು ಹಚ್ಚಿ, ಮನೆಯವರಿಗೆ ಒಪ್ಪಿಸಿ, ಉಳಿದವರನ್ನು ಗೌರವದಿಂದ ಮಣ್ಣು ಮಾಡುವುದು ಅವರ ಕೆಲಸ. ಈಗ ಮುದುಕರಾಗಿರುವ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ತಮ್ಮ ಡಿಎನ್ಎ ಮಾದರಿಗಳನ್ನು ಕೊಟ್ಟು ಕಾಯುತ್ತಿದ್ದಾರೆ.