ಎರಡನೇ ಕುರ್ಚಿಯ ಬೆಲೆ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರ ಬಂತೆಂದರೆ ಪತ್ರಿಕೆಯವರಿಗೆ ಹಬ್ಬ. ಅಧ್ಯಕ್ಷ ಪದವಿಗೆ ನಿಲ್ಲುವವನು ಉಪಾಧ್ಯಕ್ಷ ಪದವಿಗೆ ಯಾರನ್ನು ಜೊತೆಗೆ ನಿಲ್ಲಿಸಿಕೊಳ್ತಾನೆ ಅಂತ ಲೆಕ್ಕಾಚಾರ ಸುರುವಾಗುತ್ತದೆ. ದಕ್ಷಿಣದವನೊ, ಉತ್ತರದವನೊ? ಕಾರ್ಮಿಕ ಸಂಘದವರಿಗೆ ಬೇಕಾದವನೊ, ಕಂಪನಿ ಧಣಿಗಳಿಗೆ ಬೇಕಾದವನೊ? ನಮ್ಮಲ್ಲಿ ಮಂತ್ರಿಮಂಡಲ ಮಾಡುವಾಗ ಯಾವ ಜಾತಿಗೆ ಎಷ್ಟು ಅಂತ ಹೋಟೆಲಿನಲ್ಲಿ ಕೂತು ಲೆಕ್ಕ ಹಾಕ್ತಾರಲ್ಲ, ಹಾಗೆ. ನೋಡುವವರಿಗೆ ಇದು ಕುದುರೆ ಜೂಜಿನಂಥ ಮೋಜು. ಆದರೆ ಆ ಕುರ್ಚಿಗೊಂದು ಬೆಲೆಯುಂಟು. ಅದನ್ನು ತೆರುವವನು ಕುರ್ಚಿಯಲ್ಲಿ ಕೂರುವವನಲ್ಲ. 1964ರಲ್ಲಿ ಅದನ್ನು ತೆರಬೇಕಾಗಿ ಬಂದದ್ದು ಹತ್ತಿ ಬಿಡಿಸುವ ಕೂಲಿಯವರು.

1963ರ ನವೆಂಬರ್ 22ರಂದು ಕೆನಡಿ ಕೊಲೆಯಾದ. ಉಪಾಧ್ಯಕ್ಷನಾಗಿದ್ದ ಲಿಂಡನ್ ಜಾನ್ಸನ್ ಅಧ್ಯಕ್ಷನಾದ. ಖಾಲಿ ಬಿದ್ದ ಎರಡನೇ ಕುರ್ಚಿಯನ್ನು ನಡುವೆ ತುಂಬಲು ಆ ದೇಶದ ಸಂವಿಧಾನದಲ್ಲಿ ದಾರಿಯೇ ಇರಲಿಲ್ಲ. 1967ರ ತಿದ್ದುಪಡಿಯಲ್ಲಷ್ಟೇ ಅದು ಬಂತು. ಹಾಗಾಗಿ ಒಂದು ವರ್ಷಕ್ಕೂ ಮೇಲ್ಪಟ್ಟು ಕುರ್ಚಿ ಖಾಲಿ. ಎಲ್ಲರ ಕಣ್ಣೂ ಅದರ ಮೇಲೆ. ಕೆನಡಿಯ ತಮ್ಮ ರಾಬರ್ಟನ ಹೆಸರು ಜೋರಾಗಿ ಓಡಾಡಿತು. ಜಾನ್ಸನ್‌ಗೆ ಅವನನ್ನು ಕಂಡರೆ ಆಗದು. ಜುಲೈ 30ರಂದು, ತನ್ನ ಮಂತ್ರಿಗಳಲ್ಲಿ ಯಾರನ್ನೂ ಆರಿಸಿಕೊಳ್ಳುವುದಿಲ್ಲ ಎಂದು ಸಾರಿಬಿಟ್ಟ. ಒಬ್ಬನನ್ನು ಹೊರಗಿಡಲು ಎಲ್ಲರಿಗೂ ಬಾಗಿಲು ಹಾಕಿದ. ಆಮೇಲೆ ಉಳಿದ ಹೆಸರುಗಳಲ್ಲಿ ಮುಂದಿದ್ದವನು ಮಿನೆಸೋಟದ ಹ್ಯೂಬರ್ಟ್ ಹಂಫ್ರಿ.

ಹಂಫ್ರಿ ಕೆಟ್ಟವನೇನಲ್ಲ. ಇದನ್ನು ನಾವು ಮೊದಲೇ ತಿಳಿದಿರಬೇಕು. 1948ರ ಪಕ್ಷದ ಸಮಾವೇಶದಲ್ಲಿ ಕಪ್ಪು ಜನರ ಹಕ್ಕಿನ ಪರ ಮಾತಾಡಿ, ದಕ್ಷಿಣದ ಬಿಳಿಯರಲ್ಲಿ ಹಲವರು ಸಭೆ ಬಿಟ್ಟು ಹೋಗುವಂತೆ ಮಾಡಿದವನು. 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ಸೆನೆಟ್ಟಿನಲ್ಲಿ ದಡ ಮುಟ್ಟಿಸಿದವನೂ ಅವನೇ. ಜಾನ್ಸನ್ ಅವನನ್ನು ತಿಂಗಳುಗಟ್ಟಲೆ ಕಾಯಿಸಿದ. ಕಾಯುವವನ ಕೈಯಲ್ಲಿ ಏನು ಬೇಕಾದರೂ ಮಾಡಿಸಬಹುದು.

ಈಗ ಮಿಸಿಸಿಪ್ಪಿಗೆ ಬನ್ನಿ. ಅಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಕಪ್ಪು ಜನ. ಅವರಲ್ಲಿ ಮತದಾರರ ಪಟ್ಟಿ ಸೇರಿದವರು ನೂರಕ್ಕೆ ಏಳು ಮಂದಿಯೂ ಇಲ್ಲ. ಹೆಸರು ಬರೆಸಲು ಹೋದವರಿಗೆ ರಾಜ್ಯದ ಸಂವಿಧಾನದ ಒಂದು ಕಲಮು ತೋರಿಸಿ ಅರ್ಥ ಹೇಳು ಅಂತಿದ್ದರು. ಹೇಳಿದ್ದು ಸರಿಯೋ ತಪ್ಪೋ ಎಂಬುದು ಬಿಳಿ ಗುಮಾಸ್ತನ ಮರ್ಜಿ.

ಅಲ್ಲಿ ಕೋರಿಗೆ ಮಾಡುವ ಒಕ್ಕಲಿನವರ ಇಪ್ಪತ್ತನೇ ಕೂಸು ಫ್ಯಾನಿ ಲೂ ಹೇಮರ್. ಹುಟ್ಟಿದ್ದು 1917ರಲ್ಲಿ. ಆರು ವರ್ಷಕ್ಕೇ ಹತ್ತಿ ಬಿಡಿಸಲು ಹೊಲಕ್ಕಿಳಿದವಳು. 1962ರ ಆಗಸ್ಟ್ 31ರಂದು ಹದಿನೇಳು ಜನರ ಜೊತೆ ಬಸ್ಸಿನಲ್ಲಿ ಹೆಸರು ಬರೆಸಲು ಹೋದಳು. ಬರುವಾಗ ಪೊಲೀಸರು ಬಸ್ಸು ತಡೆದು ಡ್ರೈವರನಿಗೆ ದಂಡ ಹಾಕಿದರು. ಅವನ ತಪ್ಪೇನು? ಬಸ್ಸಿನ ಬಣ್ಣ ಸರಿಯಿಲ್ಲವಂತೆ! ಮನೆಗೆ ಬಂದರೆ ಧಣಿ ಕಾದಿದ್ದ: ಅರ್ಜಿ ವಾಪಸು ತಗೊ, ಇಲ್ಲಾ ಜಾಗ ಖಾಲಿ ಮಾಡು. ನಾನು ಹೋದದ್ದು ನಿಮಗಾಗಿ ಅಲ್ಲ, ನನಗಾಗಿ ಎಂದಳು ಈ ತಾಯಿ. ಹದಿನೆಂಟು ವರ್ಷ ದುಡಿದ ಹೊಲ ಅವತ್ತೇ ರಾತ್ರಿ ತಪ್ಪಿತು. ಮರುವರ್ಷ ಜೂನಿನಲ್ಲಿ ವಿನೋನ ಎಂಬ ಊರಿನ ಜೈಲಿನಲ್ಲಿ ಆಕೆಯನ್ನು ಹೊಡೆದರು. ಹೊಡೆದ ಕೈಗಳು ಇಬ್ಬರು ಕಪ್ಪು ಕೈದಿಗಳವು. ಹೊಡೆಸಿದವರು ಬಿಳಿ ಪೊಲೀಸರು. ನಮ್ಮವರಿಂದಲೇ ನಮ್ಮವರಿಗೆ ಹೊಡೆಸುವ ವಿದ್ಯೆ ನಮಗೇನು ಹೊಸದೆ?

ಬಿಳಿಯರ ಡೆಮಾಕ್ರಾಟಿಕ್ ಪಕ್ಷ ಒಳಗೆ ಬಿಡದಿದ್ದಾಗ, 1964ರ ಏಪ್ರಿಲ್‌ನಲ್ಲಿ ಈ ಜನ ತಮ್ಮದೇ ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಾಟಿಕ್ ಪಕ್ಷ ಕಟ್ಟಿದರು. ಆ ಬೇಸಿಗೆಯಲ್ಲಿ ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ಹುಡುಗರು ಕೊಲೆಯಾದರು. ಹೆಣ ಸಿಕ್ಕಿದ್ದು ಆಗಸ್ಟ್ 4ಕ್ಕೆ. ಅದೇ ತಿಂಗಳು 68 ಮಂದಿ ಪ್ರತಿನಿಧಿಗಳು ಅಟ್ಲಾಂಟಿಕ್ ಸಿಟಿಯ ಸಮಾವೇಶಕ್ಕೆ ಬಸ್ಸು ಹತ್ತಿದರು. ಮಿಸಿಸಿಪ್ಪಿಯ ನಿಜವಾದ ಪ್ರತಿನಿಧಿಗಳು ನಾವು, ಆ ಕುರ್ಚಿಗಳು ನಮ್ಮವು ಎಂಬುದು ಅವರ ವಾದ.

ಆಗಸ್ಟ್ 22ರಂದು ಸಮಿತಿಯ ಮುಂದೆ ಹೇಮರ್ ಸಾಕ್ಷಿ ಹೇಳಿದಳು. ಹೊಲ, ಬಸ್ಸು, ಜೈಲು, ಏಟು, ಎಲ್ಲವನ್ನೂ. ಟೀವಿಯಲ್ಲಿ ದೇಶ ನೋಡುತ್ತಿತ್ತು. ಜಾನ್ಸನ್ ಬೆದರಿದ. ಆ ಕ್ಷಣಕ್ಕೇ ಪತ್ರಕರ್ತರನ್ನು ಕರೆದು ಏನೋ ಮಾತಾಡಲು ನಿಂತ. ಟೀವಿಯವರು ಆಕೆಯನ್ನು ಬಿಟ್ಟು ಅವನ ಕಡೆ ತಿರುಗಿದರು. ದೇಶದ ಅಧ್ಯಕ್ಷನೊಬ್ಬ ಕೂಲಿ ಹೆಂಗಸಿನ ಮಾತಿಗೆ ಅಡ್ಡ ನಿಲ್ಲಬೇಕಾಯಿತು! ಆದರೆ ಅವತ್ತು ರಾತ್ರಿಯ ಸುದ್ದಿಯಲ್ಲಿ ಆಕೆಯ ಮಾತು ಮತ್ತೆ ಬಂತು, ಇನ್ನೂ ಹೆಚ್ಚು ಜನ ಕೇಳಿದರು.

ಈಗ ಜಾನ್ಸನ್ ಹಂಫ್ರಿಗೆ ಕೆಲಸ ಹಚ್ಚಿದ. ಈ ಗಲಾಟೆ ನಿಲ್ಲಿಸು, ದಕ್ಷಿಣದವರು ಎದ್ದು ಹೋಗದಂತೆ ನೋಡಿಕೊ. ಮುಗಿಸಿದರೆ ಕುರ್ಚಿ, ಇಲ್ಲದಿದ್ದರೆ ಇಲ್ಲ ಎಂಬುದು ಎಲ್ಲರಿಗೂ ತಿಳಿದ ಮಾತಾಗಿತ್ತು. ವಿಷಯ ಇಡೀ ಸಭೆಯ ಮುಂದೆ ಬರಲು ಸಮಿತಿಯ ಹನ್ನೊಂದು ಮಂದಿ ಸಾಕಿತ್ತು. ಒಬ್ಬೊಬ್ಬರ ಮೇಲೂ ಒತ್ತಡ ಬಿತ್ತು. ಕಪ್ಪು ಮುಂದಾಳುಗಳ ಮಾತುಗಳನ್ನು ಎಫ್‌ಬಿಐ ಕದ್ದು ಕೇಳಿ ಅಧ್ಯಕ್ಷನಿಗೆ ಮುಟ್ಟಿಸುತ್ತಿತ್ತು. ಇದು 1970ರ ದಶಕದ ಸೆನೆಟ್ ತನಿಖೆಯಲ್ಲಿ ಬಯಲಾಯಿತು. ಮಾತುಕತೆಯೊಂದರಲ್ಲಿ ಹೇಮರ್ ಹಂಫ್ರಿಯನ್ನು ನೇರ ಕೇಳಿದಳು: ನಿಮ್ಮ ಆ ಪದವಿ ಮಿಸಿಸಿಪ್ಪಿಯ ನಾಲ್ಕು ಲಕ್ಷ ಕಪ್ಪು ಜನರ ಬದುಕಿಗಿಂತ ದೊಡ್ಡದೆ? ಮುಂದಿನ ಮಾತುಕತೆಗೆ ಆಕೆಯನ್ನು ಕರೆಯಲಿಲ್ಲ.

ಕೊನೆಗೆ ಬಂದ ರಾಜಿ ಇಷ್ಟು: ಎರಡು ಕುರ್ಚಿ. ಉಳಿದವರು ಅತಿಥಿಗಳಾಗಿ ಕೂತು ನೋಡಬಹುದು. 1968ರಿಂದ ವರ್ಣಭೇದ ಮಾಡುವ ತಂಡಗಳಿಗೆ ಪ್ರವೇಶವಿಲ್ಲ. ಆ ಎರಡು ಕುರ್ಚಿಗೆ ಏರನ್ ಹೆನ್ರಿ, ಎಡ್ ಕಿಂಗ್ ಎಂಬ ಹೆಸರುಗಳನ್ನೂ ಅವರೇ ಬರೆದು ತಂದಿದ್ದರು. ಇಬ್ಬರೂ ಒಳ್ಳೆಯವರೇ. ಆದರೆ ಪ್ರಶ್ನೆ ಅದಲ್ಲ. ನಮ್ಮ ಪರ ಕೂರುವವರನ್ನು ಆರಿಸುವ ಅಧಿಕಾರ ಯಾರದು? 1932ರಲ್ಲಿ ಪುಣೆಯಲ್ಲಿ ಬಾಬಾಸಾಹೇಬರನ್ನು ಕಟ್ಟಿಹಾಕಿದ್ದೂ ಇದೇ ಪ್ರಶ್ನೆ. ಪ್ರತ್ಯೇಕ ಮತದಾನದ ಹಕ್ಕು ಬಿಡಿಸಿ ಮೀಸಲು ಸ್ಥಾನಗಳನ್ನು ಕೊಟ್ಟರು. ಅಲ್ಲಿ ಗೆಲ್ಲಿಸುವ ಮತ ಮಾತ್ರ ಮೇಲಿನವರ ಕೈಯಲ್ಲೇ ಉಳಿಯಿತು.

ಒಪ್ಪಿಕೊಳ್ಳಿ ಅಂತ ದೊಡ್ಡ ದೊಡ್ಡ ನಾಯಕರು ಬುದ್ಧಿ ಹೇಳಿದರು. ಹಳ್ಳಿಯಿಂದ ಬಂದವರು ಒಪ್ಪಲಿಲ್ಲ. ಎರಡು ಕುರ್ಚಿಗಾಗಿ ನಾವು ಇಷ್ಟು ದೂರ ಬರಲಿಲ್ಲ ಎಂದಳು ಹೇಮರ್. ನಿಷ್ಠೆಯ ಪ್ರಮಾಣ ಮಾಡಲೊಪ್ಪದೆ ಮಿಸಿಸಿಪ್ಪಿಯ ಬಿಳಿಯರಲ್ಲಿ ಬಹುಪಾಲು ಎದ್ದು ಹೋದರು. ಖಾಲಿಯಾದ ಜಾಗದಲ್ಲಿ ಬೇರೆಯವರ ಪಾಸು ತಂದು ಇವರು ಕೂತರು. ಮರುದಿನ ಬಂದು ನೋಡಿದರೆ ಕುರ್ಚಿಗಳನ್ನೇ ಎತ್ತಿಸಿಬಿಟ್ಟಿದ್ದಾರೆ! ಇವರು ನಿಂತೇ ಇದ್ದರು.

ಆಗಸ್ಟ್ 26ರಂದು ಹಂಫ್ರಿಯ ಹೆಸರು ಹೊರಬಿತ್ತು. ಸಂಧಾನದ ಉಪಸಮಿತಿಗೆ ಮುಖ್ಯಸ್ಥನಾಗಿದ್ದ ವಾಲ್ಟರ್ ಮಾಂಡೇಲ್ 1977ರ ಜನವರಿಯಲ್ಲಿ ಅದೇ ಎರಡನೇ ಕುರ್ಚಿ ಏರಿದ. ಅದೇ ವರ್ಷ ಮಾರ್ಚ್‌ನಲ್ಲಿ ಹೇಮರ್ ಕ್ಯಾನ್ಸರ್‌ನಿಂದ ತೀರಿಕೊಂಡಳು.

ದಕ್ಷಿಣ ಕೈಬಿಟ್ಟು ಹೋದೀತೆಂದು ಇವರನ್ನು ಬಲಿ ಕೊಟ್ಟರಲ್ಲ, ದಕ್ಷಿಣ ಉಳಿಯಿತೆ? ನವೆಂಬರ್‌ನಲ್ಲಿ ಜಾನ್ಸನ್ 44 ರಾಜ್ಯ ಗೆದ್ದ. ಮಿಸಿಸಿಪ್ಪಿಯ ನೂರಕ್ಕೆ 87 ಮತ ಎದುರಾಳಿ ಗೋಲ್ಡ್‌ವಾಟರ್‌ಗೆ ಬಿತ್ತು. ಕೊಟ್ಟ ಬಲಿ ದೇವರಿಗೂ ಮುಟ್ಟಲಿಲ್ಲ.

ಹಾಗಂತ ಹೋರಾಟ ವ್ಯರ್ಥವಾಗಲಿಲ್ಲ. 1965ರಲ್ಲಿ ಮತದಾನದ ಹಕ್ಕಿನ ಕಾಯಿದೆ ಬಂತು. 1968ರ ಸಮಾವೇಶದಲ್ಲಿ ಹೇಮರ್ ತನ್ನ ಕುರ್ಚಿಯಲ್ಲಿ ಕೂರಲು ಬಂದಾಗ ಸಭೆಯೇ ಎದ್ದು ನಿಂತಿತು. ಇನ್ನೊಂದು ದಾರಿಯೂ ತೆರೆಯಿತು. ದೊಡ್ಡ ಪಕ್ಷದ ಬಾಗಿಲು ಕಾಯುವುದು ಸಾಕೆಂದ ಯುವಕರು ಅಲಬಾಮದ ಲೌಂಡ್ಸ್ ಜಿಲ್ಲೆಯ ಜನರ ಜೊತೆ ಸೇರಿ ಹೊಸ ಪಕ್ಷ ಕಟ್ಟಿದರು. ನೂರಕ್ಕೆ ಎಂಬತ್ತು ಕಪ್ಪು ಜನರಿದ್ದ ಆ ಜಿಲ್ಲೆಯಲ್ಲಿ 1965ರ ಆರಂಭದಲ್ಲಿ ಒಬ್ಬ ಕಪ್ಪು ಮತದಾರನೂ ಇರಲಿಲ್ಲ. ಓದು ಬಾರದವರಿಗಾಗಿ ಅಲ್ಲಿಯೂ ನಮ್ಮಂತೆ ಪಕ್ಷಕ್ಕೊಂದು ಚಿಹ್ನೆ. ಬಿಳಿಯರ ಪಕ್ಷದ್ದು ಹುಂಜ. ಇವರು ಆರಿಸಿಕೊಂಡದ್ದು ಕಪ್ಪು ಚಿರತೆ. 1966ರಲ್ಲಿ ಓಕ್‌ಲೆಂಡಿನ ಹುಡುಗರು ಆ ಚಿರತೆಯನ್ನು ತಮ್ಮ ಪಕ್ಷಕ್ಕಿಟ್ಟರು. 1972ರಲ್ಲಿ ಅದು ಮುಂಬೈಗೆ ಬಂದು ದಲಿತ ಪ್ಯಾಂಥರ್ ಆಯಿತು. ಅಟ್ಲಾಂಟಿಕ್ ಸಿಟಿಯಲ್ಲಿ ಎತ್ತಿಸಿದ ಕುರ್ಚಿಗೂ ನಮಗೂ ನಂಟಿದೆ.

2020ರಲ್ಲಿ ಬೈಡನ್ ಜೊತೆಗೆ ಯಾರು ಅಂತ ಮತ್ತೆ ಜೂಜು ನಡೆಯಿತು. ಕಮಲಾ ಹ್ಯಾರಿಸ್ ಹೆಸರು ಬಂದದ್ದೇ ನಮ್ಮ ಪತ್ರಿಕೆಗಳು ಆಕೆಯ ತಾಯಿಯ ತಂದೆಯ ಊರು ತುಳಸೇಂದ್ರಪುರಕ್ಕೆ ಓಡಿದವು, ಗುಡಿಯ ಪೂಜೆಯ ಚಿತ್ರ ಹಾಕಿದವು. ಉಪಾಧ್ಯಕ್ಷ ಪದವಿಯ ಉಮೇದುವಾರಿಕೆ ಒಪ್ಪಿಕೊಂಡ ದಿನ ಆಕೆ, ತನಗೆ ದಾರಿ ಮಾಡಿಕೊಟ್ಟ ಹೆಂಗಸರ ಸಾಲಿನಲ್ಲಿ ಫ್ಯಾನಿ ಲೂ ಹೇಮರ್ ಹೆಸರನ್ನೂ ಹೇಳಿದ್ದಳು. ಅದು ಯಾರೆಂದು ಹುಡುಕುತ್ತ ಮಿಸಿಸಿಪ್ಪಿಯ ಹತ್ತಿ ಹೊಲದ ಕಡೆ ಹೊರಟವರು ಎಷ್ಟು ಮಂದಿ?

ಇನ್ನು ಮೇಲೆ ಅಮೆರಿಕದಲ್ಲಾಗಲಿ, ನಮ್ಮ ವಿಧಾನಸೌಧದಲ್ಲಾಗಲಿ, ಎರಡನೇ ಕುರ್ಚಿ ಯಾರಿಗೆ ಅಂತ ಮಾತು ಬಂದಾಗ ಆ ಹೆಸರುಗಳ ಪಟ್ಟಿ ಮಾತ್ರ ನೋಡಬೇಡಿ. ಆ ಹೊತ್ತಿಗೆ ಯಾರನ್ನು ಸುಮ್ಮನಿರಿ ಅಂತಿದ್ದಾರೆ, ಯಾರ ಕೂರುವ ಜಾಗ ಎತ್ತಿಸುತ್ತಿದ್ದಾರೆ, ಅದನ್ನು ನೋಡಿ.