ಹಳೆಯ ಚಿತ್ರಗಳು, ಮನೆಗೆ ಬರುವ ಪ್ರತಿಗಳು

ವಿಎಚ್‌ಎಸ್ ಕ್ಯಾಸೆಟ್ ನಮ್ಮ ಮನೆಗಳಿಗೆ ಕಾಲಿಟ್ಟ ದಿನಗಳಲ್ಲಿ ಚಿತ್ರ ಎಷ್ಟು ಸ್ಪಷ್ಟವಾಗಿದೆ ಎಂದು ಯಾರೂ ಕೇಳಲಿಲ್ಲ. ಬೇಕೆಂದಾಗ ನೋಡಲು ಸಿಕ್ಕಿತಲ್ಲ, ಅದೇ ಸಂಭ್ರಮ. ಆಮೇಲೆ ವಿಸಿಡಿ ಬಂತು, ಯೂಟ್ಯೂಬ್ ಬಂತು. ಸವೆದ ಪ್ರಿಂಟಿನ ನಕಲು, ಆ ನಕಲಿನ ಇನ್ನೊಂದು ನಕಲು ಎನ್ನುವ ಸಾಲು ಮಾತ್ರ ಬಹುಮಟ್ಟಿಗೆ ಹಾಗೇ ಉಳಿಯಿತು. ಕಪ್ಪುಬಿಳುಪು ಚಿತ್ರದ ಕಿರಿದಾದ ಚೌಕಟ್ಟನ್ನು ಅಗಲ ಟಿವಿಗೆ ಹಿಗ್ಗಿಸಿದರೆ ಮುಖಗಳು ಊದಿಕೊಳ್ಳುತ್ತವೆ, ಕತ್ತರಿಸಿದರೆ ನಟರ ಹಣೆ ಹಾರಿಹೋಗುತ್ತದೆ. ಈಸ್ಟ್‌ಮನ್ ಕಲರ್ ಚಿತ್ರಗಳ ನೀಲಿ, ಹಸಿರು ಮಾಸಿ ಕಾಡು, ಆಕಾಶ ಎಲ್ಲವೂ ಗುಲಾಬಿಗೆ ತಿರುಗಿರುತ್ತವೆ.

ಅಮೆರಿಕದಲ್ಲಿ ಬೇರೆ ದಾರಿ ತೆರೆದದ್ದು 1984ರಲ್ಲಿ. ಕ್ರೈಟೀರಿಯನ್ ಸಂಸ್ಥೆ ‘ಸಿಟಿಜನ್ ಕೇನ್’ ಚಿತ್ರವನ್ನು ಲೇಸರ್ ಡಿಸ್ಕಿನಲ್ಲಿ ತಂದಿತು. ಒಳ್ಳೆಯ ಸಂಪಾದಕರು ಹಳೆಯ ಕೃತಿಗೆ ತೋರುವ ನಿಷ್ಠೆಯನ್ನು ಸಿನಿಮಾಕ್ಕೂ ತೋರುವ ಪದ್ಧತಿ ಅಲ್ಲಿಂದ ಬೆಳೆಯಿತು. ಡಿವಿಡಿ, 2006ರಲ್ಲಿ ಬ್ಲೂ-ರೇ, 2016ರಲ್ಲಿ 4ಕೆ ಡಿಸ್ಕ್ ಬಂದ ಹಾಗೆಲ್ಲ ಕೆಟ್ಟ ಪ್ರತಿಯ ಕೊರತೆಗಳು ಇನ್ನಷ್ಟು ಎದ್ದು ಕಾಣತೊಡಗಿದವು. ಮೂಲ ನೆಗೆಟಿವ್‌ಗೆ ಮರಳದೆ ಬೇರೆ ದಾರಿಯಿರಲಿಲ್ಲ.

ಆ ಮರಳುವಿಕೆ ಎಷ್ಟು ಕಷ್ಟದ್ದೆಂಬುದಕ್ಕೆ ಸತ್ಯಜಿತ್ ರೇ ಅವರ ಅಪು ಚಿತ್ರತ್ರಯವೇ ಸಾಕ್ಷಿ. 1993ರಲ್ಲಿ ಲಂಡನ್ನಿನ ಹೆಂಡರ್ಸನ್ ಲ್ಯಾಬಿಗೆ ಬೆಂಕಿ ಬಿದ್ದು ಈ ಚಿತ್ರಗಳ ನೆಗೆಟಿವ್‌ಗಳು ಕರಕಲಾದವು. ಪುಣ್ಯಕ್ಕೆ ಅವನ್ನು ಯಾರೂ ಎಸೆಯಲಿಲ್ಲ; ಆಸ್ಕರ್ ಅಕಾಡೆಮಿಯ ಸಂಗ್ರಹ ಸೇರಿದವು. ವರ್ಷಗಳ ನಂತರ ಬೊಲೋನ್ಯಾದ ತಜ್ಞರು ಮುಟ್ಟಿದರೆ ಮುರಿಯುವಂತಿದ್ದ ಆ ಸುರುಳಿಗಳಿಗೆ ಮತ್ತೆ ತೇವ ಕೊಟ್ಟು, ಕರಗಿ ಅಂಟಿದ್ದ ಟೇಪು ಬಿಡಿಸಿ, ಅಂಚಿನ ಹರಿದ ರಂಧ್ರಗಳನ್ನು ಕೈಯಲ್ಲೇ ಸರಿಪಡಿಸಿದರು. ಮೂರನೆಯ ಚಿತ್ರ ‘ಅಪುರ್ ಸನ್ಸಾರ್’ನ ನೆಗೆಟಿವ್ ಬಳಸುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೆ ಬೇರೆಡೆ ಉಳಿದಿದ್ದ ಪ್ರತಿಗಳನ್ನು ಹುಡುಕಬೇಕಾಯಿತು. 2015ರಲ್ಲಿ ಮೂರೂ ಚಿತ್ರಗಳು ಥಿಯೇಟರಿಗೂ, ಅದೇ ವರ್ಷ ಬ್ಲೂ-ರೇಯಲ್ಲಿ ಮನೆಗೂ ಬಂದವು. ಈ ಎರಡನೆಯ ಹೆಜ್ಜೆ ನನಗೆ ಮೊದಲನೆಯದರಷ್ಟೇ ಮುಖ್ಯ.

ಭಾರತದಲ್ಲಿ ಪುಣೆಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಇದೆ. 2014ರಲ್ಲಿ ಶುರುವಾದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ‘ತಂಬು’, ‘ಮಂಥನ್’ ಚಿತ್ರಗಳನ್ನು ಪುನರುಜ್ಜೀವಗೊಳಿಸಿ ಕಾನ್ ಉತ್ಸವಕ್ಕೆ ಒಯ್ದಿತು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಹೊಸ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಿತು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಕೆಲಸವನ್ನು ಮಸುಕಾದ ನಕಲಿನಲ್ಲಿ ನೋಡಿದವರಿಗೆ ಅದರ ಅರ್ಧ ದಕ್ಕಿಲ್ಲ: ವಿಧವೆ ಯಮುನೆಯ ಮುಖದ ಅಳುಕು, ಬಾಲಕ ನಾಣಿಯ ಕಣ್ಣಿನ ಭಯ ಕತ್ತಲಲ್ಲಿ ಕಲೆಸಿಹೋಗಿರುತ್ತವೆ.

ನಾವು ಮಾಡಿದ ಇನ್ನೊಂದು ಕೆಲಸ ಬಣ್ಣ ತುಂಬುವುದು. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂದಾಗ ಜನ ಪ್ರೀತಿಯಿಂದ ನೋಡಿದರು. ರಾಜ್‌ಕುಮಾರ್ ಮೇಲಿನ ಆ ಪ್ರೀತಿ ದೊಡ್ಡದು. ಆದರೆ ಬಣ್ಣ ಹಚ್ಚುವುದು ಪುನರುಜ್ಜೀವನವಲ್ಲ. ಕಪ್ಪುಬಿಳುಪಿಗೆಂದೇ ಇಟ್ಟ ಬೆಳಕನ್ನು ಅದು ಮುಚ್ಚುತ್ತದೆ.

ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ (1934) ಇಂದು ನೋಡಲು ಸಿಗುವುದೇ ಇಲ್ಲ. ಉಳಿದವುಗಳಲ್ಲಿ ‘ಸಂಸ್ಕಾರ’, ‘ಚೋಮನ ದುಡಿ’, ‘ಕಾಡು’ ಮೂಲ ಚೌಕಟ್ಟಿನಲ್ಲಿ, ತಿಳಿಯಾದ ಧ್ವನಿಯೊಂದಿಗೆ ನೋಡುಗರ ಮನೆ ಸೇರಬೇಕು. ಖರ್ಚು ಹೆಚ್ಚು, ಕೊಳ್ಳುವವರು ಕಡಿಮೆ ಎಂಬ ಮಾತು ನಿಜ. ಪುಸ್ತಕಕ್ಕೂ ಅದೇ ಕಷ್ಟವಿದೆ. ಅದಕ್ಕೇ ಸರ್ಕಾರ ಗ್ರಂಥಾಲಯಗಳಿಗಾಗಿ ಸಗಟು ಖರೀದಿ ಮಾಡುತ್ತದೆ. ಅದೇ ಯೋಜನೆಯಲ್ಲಿ ಸಿನಿಮಾಕ್ಕೂ ಒಂದು ಪಾಲಿಟ್ಟು, ಜಿಲ್ಲಾ ಗ್ರಂಥಾಲಯಗಳಿಗೆ ಡಿಸ್ಕ್ ಕೊಳ್ಳುವುದರಿಂದ ಕೆಲಸ ಶುರು ಮಾಡಬಹುದು.